ಜಾರಿದ ಭುಜ: ಹುಡುಗನಿಗೆ ಶಸ್ತ್ರಚಿಕಿತ್ಸೆ, ಹೂವಿನ ಅಮ್ಮನಿಗೆ ವ್ಯಾಯಾಮ, ಏಕೆ?

ಮಳೆಗಾಲದ ಒಂದೇ ವಾರದಲ್ಲಿ ನನ್ನ ಫಿಜಿಯೋಥೆರಪಿ ಚಿಕಿತ್ಸಾಲಯಕ್ಕೆ ಇಬ್ಬರು ಬಂದರು. ಒಬ್ಬ 19 ವರ್ಷದ ಕಾಲೇಜು ಹುಡುಗ. ಕಬಡ್ಡಿ ಪಂದ್ಯದಲ್ಲಿ ತಪ್ಪಿಸಿಕೊಳ್ಳುತ್ತಿದ್ದ ರೈಡರ್‌ನನ್ನು ಹಿಡಿಯಲು ಕೈ ಚಾಚಿದಾಗ ಅವನ ಬಲಭುಜ ಜಾರಿತ್ತು. ಇನ್ನೊಬ್ಬರು ಗಾಂಧಿಬಜಾರಿನಲ್ಲಿ ಹೂ ಮಾರುವ 64 ವರ್ಷದ ಹೆಂಗಸು. ಮಳೆಗೆ ನೆನೆದ ಮೆಟ್ಟಿಲ ಮೇಲೆ ಕಾಲು ಜಾರಿ, ಊರಿದ ಕೈಯ ಮೇಲೆಯೇ ಬಿದ್ದಿದ್ದರು. (ಗುರುತು ತಿಳಿಯದಿರಲೆಂದು ಇಬ್ಬರ ಕೆಲವು ವಿವರಗಳನ್ನು ಬದಲಿಸಿದ್ದೇನೆ.) ಇಬ್ಬರ ಆಸ್ಪತ್ರೆ ಚೀಟಿಯಲ್ಲಿಯೂ ಬರೆದಿದ್ದದ್ದು ಒಂದೇ: ಭುಜದ ಕೀಲು ಮುಂದಕ್ಕೆ ಜಾರಿದೆ, ಕೂರಿಸಲಾಗಿದೆ. ಆದರೆ ಹುಡುಗನಿಗೆ ವೈದ್ಯರು ಶಸ್ತ್ರಚಿಕಿತ್ಸೆಯ ಮಾತು ಎತ್ತಿದ್ದರು, ಹೂವಿನ ಅಮ್ಮನಿಗೆ ವ್ಯಾಯಾಮ ಮಾಡಿದರೆ ಸಾಕು ಎಂದಿದ್ದರು.

ಹುಡುಗನ ತಂದೆ ಕಾಯುವ ಬೆಂಚಿನ ಮೇಲೆ ಆ ಅಮ್ಮನ ಜೊತೆ ಮಾತನಾಡಿ ಇದನ್ನು ತಿಳಿದುಕೊಂಡರು. ಒಳಗೆ ಬಂದವರೇ ಕೇಳಿದರು: “ಮೇಡಂ, ಅಷ್ಟು ವಯಸ್ಸಾದವರಿಗೇ ಆಪರೇಷನ್ ಬೇಡವಂತೆ. ಇವನದು ಎಳೆಯ ಮೂಳೆ. ತಾನಾಗಿಯೇ ಕೂಡಿಕೊಳ್ಳುವುದಿಲ್ಲವೇ?”

ಎಳೆಯ ದೇಹ ಬೇಗ ವಾಸಿಯಾಗುತ್ತದೆ ಎಂಬುದು ನಾವೆಲ್ಲ ಕಂಡು ನಂಬಿರುವ ಸಂಗತಿ. ಮುರಿದ ಮೂಳೆಯ ಮಟ್ಟಿಗೆ ಅದು ನಿಜವೂ ಹೌದು. ಜಾರಿದ ಭುಜದಲ್ಲಿ ಮಾತ್ರ ಲೆಕ್ಕ ತಲೆಕೆಳಗಾಗುತ್ತದೆ. ಏಕೆ ಎಂಬುದನ್ನು ಅವರಿಗೆ ಹೇಳಲು ಅರ್ಧ ಗಂಟೆ ಹಿಡಿಯಿತು. ಅದನ್ನೇ ಇಲ್ಲಿ ಇನ್ನಷ್ಟು ವಿವರವಾಗಿ ಬರೆಯುತ್ತಿದ್ದೇನೆ.

ಮೊದಲು ಕೀಲನ್ನು ನೋಡೋಣ. ಸೊಂಟದ ಕೀಲು ಹಿಟ್ಟು ರುಬ್ಬುವ ಒರಳಿನಂತೆ: ಗುಂಡು ಆಳವಾದ ಕುಳಿಯೊಳಗೆ ಕುಳಿತಿರುತ್ತದೆ, ಹೊರಗೆ ಬರುವುದು ಸುಲಭವಲ್ಲ. ಭುಜದ ಕೀಲು ಶಾಲೆಯ ಆಟೋಟದ ದಿನ ನಡೆಯುವ ನಿಂಬೆಹಣ್ಣಿನ ಓಟದಂತೆ. ತೋಳಿನ ಮೂಳೆಯ ತಲೆ ನಿಂಬೆಹಣ್ಣು, ಹೆಗಲ ಮೂಳೆಯ ಬದಿಯಲ್ಲಿರುವ ಗ್ಲೀನಾಯ್ಡ್ ಎಂಬ ತಗ್ಗು ಚಮಚ. ಯಾವ ಕ್ಷಣದಲ್ಲಿ ನೋಡಿದರೂ ಆ ಗುಂಡಿನ ಮೂರನೆಯ ಒಂದು ಭಾಗವೂ ಚಮಚಕ್ಕೆ ತಾಗಿರುವುದಿಲ್ಲ. ತಲೆ ಬಾಚುವುದು, ಬೆನ್ನು ಉಜ್ಜಿಕೊಳ್ಳುವುದು, ಅಟ್ಟದ ಮೇಲಿನ ಡಬ್ಬಿ ಇಳಿಸುವುದು, ಚೆಂಡು ಎಸೆಯುವುದು ಇವೆಲ್ಲ ಸಾಧ್ಯವಾಗಿರುವುದು ಈ ತಗ್ಗು ಇಷ್ಟು ಆಳವಿಲ್ಲದ್ದಾಗಿರುವುದರಿಂದಲೇ. ದೇಹದ ದೊಡ್ಡ ಕೀಲುಗಳಲ್ಲಿ ಅತಿ ಹೆಚ್ಚು ಜಾರುವುದು ಭುಜವೇ ಆಗಿರುವುದಕ್ಕೂ ಕಾರಣ ಅದೇ.

ಹಾಗಿದ್ದರೆ ನಿಂಬೆಹಣ್ಣು ದಿನವೂ ಏಕೆ ಬೀಳುವುದಿಲ್ಲ? ಚಮಚದ ಅಂಚಿಗೆ ಸುತ್ತಲೂ ಲೇಬ್ರಮ್ ಎಂಬ ಗಟ್ಟಿ ನಾರಿನ ಬಳೆ ಅಂಟಿಕೊಂಡಿದೆ. ಅದನ್ನು ಕುಕ್ಕರಿನ ಗ್ಯಾಸ್ಕೆಟ್ ಎಂದುಕೊಳ್ಳಿ. ಅದು ತಗ್ಗನ್ನು ಸ್ವಲ್ಪ ಆಳವಾಗಿಸುತ್ತದೆ, ಒಳಗಿನ ಬಿಗಿಯನ್ನೂ ಕಾಯುತ್ತದೆ. ಅದರ ಸುತ್ತ ಕೀಲಿನ ಚೀಲ ಮತ್ತು ಮೂಳೆಗೆ ಮೂಳೆಯನ್ನು ಕಟ್ಟಿಹಿಡಿಯುವ ಅಸ್ಥಿರಜ್ಜುಗಳು. ಎಲ್ಲಕ್ಕಿಂತ ಹೊರಗೆ ರೊಟೇಟರ್ ಕಫ್ ಎಂಬ ನಾಲ್ಕು ಸ್ನಾಯುಗಳ ಗುಂಪು. ನೀವು ಕೈ ಎತ್ತಿದಾಗಲೆಲ್ಲ ಈ ನಾಲ್ಕೂ ಸೇರಿ ಗುಂಡನ್ನು ತಗ್ಗಿನ ಮಧ್ಯಕ್ಕೆ ಒತ್ತಿ ಹಿಡಿಯುತ್ತವೆ. ಬಳೆ ಮತ್ತು ಚೀಲವನ್ನು ವ್ಯಾಯಾಮದಿಂದ ಬೆಳೆಸಲಾಗದು, ಸ್ನಾಯುಗಳನ್ನು ಬೆಳೆಸಬಹುದು. ಚಿಕಿತ್ಸೆಯ ವಿಚಾರಕ್ಕೆ ಬಂದಾಗ ಈ ಮಾತು ಮತ್ತೆ ಬೇಕಾಗುತ್ತದೆ.

ಭುಜ ಜಾರಿದ ನೂರರಲ್ಲಿ ತೊಂಬತ್ತಕ್ಕೂ ಹೆಚ್ಚು ಸಂದರ್ಭಗಳಲ್ಲಿ ಗುಂಡು ಮುಂದಕ್ಕೆ ಹೊರಬೀಳುತ್ತದೆ. ಕೈ ಪಕ್ಕಕ್ಕೆ ಎತ್ತಿ, ಹಿಂದಕ್ಕೆ ತಿರುಗಿರುವಾಗ ಪೆಟ್ಟು ಅಥವಾ ಎಳೆತ ಬಿದ್ದರೆ ಹೀಗಾಗುತ್ತದೆ. ಬಿಎಂಟಿಸಿ ಬಸ್ಸಿನಲ್ಲಿ ಮೇಲಿನ ಕಂಬಿ ಹಿಡಿದು ನಿಂತಾಗ ಹಠಾತ್ತನೆ ಬ್ರೇಕ್ ಬಿದ್ದರೆ ಕೈ ಇರುವುದು ಇದೇ ಭಂಗಿಯಲ್ಲಿ. ರಸ್ತೆಗುಂಡಿಗೆ ಇಳಿದ ಸ್ಕೂಟರಿನಿಂದ ಉರುಳಿದವರ ಕೈಯೂ, ಕಬಡ್ಡಿಯಲ್ಲಿ ಚಾಚಿದ ಕೈಯೂ ಹಾಗೆಯೇ. ಗುಂಡು ಹೊರಬೀಳುವಾಗ ಚಮಚದ ಮುಂಭಾಗದ ಬಳೆಯನ್ನು ಮೂಳೆಯಿಂದ ಕಿತ್ತುಕೊಂಡು ಹೋಗುತ್ತದೆ. 1923ರಲ್ಲಿ ಈ ಗಾಯದ ಮಹತ್ವವನ್ನು ಎತ್ತಿ ಹೇಳಿದ ಬ್ರಿಟಿಷ್ ಶಸ್ತ್ರಚಿಕಿತ್ಸಕನ ಹೆಸರಿನಿಂದ ಇದನ್ನು ಬ್ಯಾಂಕಾರ್ಟ್ ಗಾಯ ಎನ್ನುತ್ತಾರೆ. ಹೊರಬಿದ್ದ ಗುಂಡಿನ ಹಿಂಭಾಗ ಚಮಚದ ಗಟ್ಟಿ ಅಂಚಿಗೆ ಒತ್ತಿ ತಗ್ಗಾಗುವುದೂ ಉಂಟು. ಅದನ್ನು 1940ರಲ್ಲಿ ವಿವರಿಸಿದ ಇಬ್ಬರು ಅಮೆರಿಕನ್ ವಿಕಿರಣ ತಜ್ಞರ ಹೆಸರಿನಲ್ಲಿ ಹಿಲ್-ಸ್ಯಾಕ್ಸ್ ಗಾಯ ಎಂದು ಕರೆಯುತ್ತಾರೆ. ನಿಮ್ಮ ಎಂಆರ್‌ಐ ವರದಿಯಲ್ಲಿ ಈ ಎರಡು ಹೆಸರುಗಳು ಕಂಡರೆ ಗಾಬರಿಯಾಗಬೇಡಿ: ಬಳೆ ಕಿತ್ತಿದೆ, ಗುಂಡಿನಲ್ಲಿ ತಗ್ಗು ಬಿದ್ದಿದೆ ಎಂದಷ್ಟೇ ಅರ್ಥ.

ಮುಂದೆ ಹೋಗುವ ಮುನ್ನ ಮೊದಲ ಗಂಟೆಯ ಬಗ್ಗೆ ಹೇಳಲೇಬೇಕು. ಇಲ್ಲಿ ಆಗುವ ತಪ್ಪುಗಳನ್ನು ಆಮೇಲೆ ತಿಂಗಳುಗಟ್ಟಲೆ ಸರಿಪಡಿಸುವವರಲ್ಲಿ ನಾನೂ ಒಬ್ಬಳು. ಮೈದಾನದಲ್ಲಿ ಗೆಳೆಯರು ಕೈ ಎಳೆದು ಕೂರಿಸಲು ಹೋಗಬಾರದು. ಎಣ್ಣೆ ಹಚ್ಚಿ ನೀವಿ ಎಳೆಯುವವರ ಬಳಿಗೂ ಕರೆದೊಯ್ಯಬಾರದು. ನಮ್ಮ ಊರಿನ ಅನೇಕ ಬಡಾವಣೆಗಳಲ್ಲಿ ಮೂಳೆ ಕಟ್ಟುವವರ ಫಲಕಗಳಿವೆ, ಅವರಲ್ಲಿ ಹಿರಿಯರಿಟ್ಟಿರುವ ನಂಬಿಕೆಯೂ ನನಗೆ ಗೊತ್ತು. ಆದರೆ ಎಕ್ಸ್‌ರೇ ಇಲ್ಲದೆ ಕೀಲು ಮಾತ್ರ ಜಾರಿದೆಯೋ, ಮೂಳೆಯೂ ಮುರಿದಿದೆಯೋ ಎಂದು ಯಾವ ಕೈಯೂ ಹೇಳಲಾರದು. ಮುರಿದ ಮೂಳೆಯನ್ನು ಎಳೆದರೆ ಬಿರುಕು ಅಗಲವಾಗುತ್ತದೆ, ಪಕ್ಕದ ನರ ಮತ್ತು ರಕ್ತನಾಳಕ್ಕೂ ಅಪಾಯ. ಕೈ ಯಾವ ಸ್ಥಿತಿಯಲ್ಲಿದೆಯೋ ಹಾಗೆಯೇ ಬಿಟ್ಟು, ಸಂದಿಗೆ ದಿಂಬು ಅಥವಾ ಮಡಿಸಿದ ಟವೆಲ್ ಕೊಟ್ಟು, ದುಪಟ್ಟಾದಲ್ಲಿ ಕಟ್ಟಿ ಹತ್ತಿರದ ಆಸ್ಪತ್ರೆಗೆ ಹೋಗಿ. ದಾರಿಯಲ್ಲಿ ಊಟ, ಕಾಫಿ ಕೊಡಬೇಡಿ, ಅರಿವಳಿಕೆ ಕೊಡಬೇಕಾಗಬಹುದು. ಬೆಂಗಳೂರಿನಲ್ಲಿ ಜಯನಗರದ ಬಳಿಯ ಸಂಜಯ್ ಗಾಂಧಿ ಸಂಸ್ಥೆ ಮೂಳೆ ಮತ್ತು ಅಪಘಾತ ಚಿಕಿತ್ಸೆಗೆಂದೇ ಇರುವ ಸರ್ಕಾರಿ ಆಸ್ಪತ್ರೆ. ವಿಕ್ಟೋರಿಯಾ, ಬೌರಿಂಗ್ ಆಸ್ಪತ್ರೆಗಳೂ ಇವೆ.

ಒಳ್ಳೆಯ ವೈದ್ಯರು ಕೂರಿಸುವ ಮುನ್ನ ತೋಳಿನ ಹೊರಬದಿಯನ್ನು, ಬಿಸಿಜಿ ಚುಚ್ಚುಮದ್ದಿನ ಗುರುತಿರುವ ಜಾಗದ ಆಸುಪಾಸನ್ನು ಮುಟ್ಟಿ, ಸ್ಪರ್ಶ ತಿಳಿಯುತ್ತಿದೆಯೇ ಎಂದು ಕೇಳುತ್ತಾರೆ. ಕೀಲಿನ ಕೆಳಗೆ ಸುತ್ತಿ ಹೋಗುವ ಆಕ್ಸಿಲರಿ ನರಕ್ಕೆ ಪೆಟ್ಟಾಗಿದ್ದರೆ ಅಲ್ಲಿ ಜೋಮು ಹಿಡಿದಂತಿರುತ್ತದೆ. ಬಹುಪಾಲು ಜನರಲ್ಲಿ ಅದು ವಾರ, ತಿಂಗಳುಗಳಲ್ಲಿ ತಾನೇ ಸರಿಹೋಗುತ್ತದೆ, ಆದರೆ ಮೊದಲೇ ಗುರುತಿಸಿ ಬರೆದಿಡಬೇಕು. ಕೂರಿಸಿದ ಮೇಲೆ ಇನ್ನೊಮ್ಮೆ ಎಕ್ಸ್‌ರೇ ತೆಗೆಯಬೇಕು.

ಫಿಟ್ಸ್ ಬಂದ ಮೇಲೆ ಅಥವಾ ವಿದ್ಯುತ್ ಹೊಡೆದ ಮೇಲೆ ಭುಜ ನೋಯುತ್ತಿದ್ದು, ಕೈಯನ್ನು ಹೊರಕ್ಕೆ ತಿರುಗಿಸಲು ಆಗುತ್ತಿಲ್ಲವಾದರೆ ಗುಂಡು ಹಿಂದಕ್ಕೆ ಜಾರಿರಬಹುದು. ಮುಂದಿನಿಂದ ತೆಗೆದ ಎಕ್ಸ್‌ರೇಯಲ್ಲಿ ಇದು ಸರಿಯಿರುವಂತೆಯೇ ಕಾಣಿಸಿ ಕಣ್ತಪ್ಪುತ್ತದೆ. ಪಕ್ಕದಿಂದಲೂ ಒಂದು ಚಿತ್ರ ತೆಗೆಯಿರಿ ಎಂದು ಕೇಳಲು ಸಂಕೋಚಪಡಬೇಡಿ.

ಈಗ ಆ ತಂದೆಯ ಪ್ರಶ್ನೆಗೆ ಬರುತ್ತೇನೆ. ಕೀಲು ಕೂತ ಕ್ಷಣ ನೋವು ಥಟ್ಟನೆ ಇಳಿಯುತ್ತದೆ. ಆ ನೆಮ್ಮದಿಯೇ ಮೋಸ ಮಾಡುವುದು. ಎಲ್ಲವೂ ಮುಗಿಯಿತು ಎಂದು ಮನೆಯವರು ನಿಟ್ಟುಸಿರು ಬಿಡುತ್ತಾರೆ. ಒಳಗೆ ಕಿತ್ತ ಬಳೆ ಹಾಗೆಯೇ ಇರುತ್ತದೆ. ಎಳೆಯರಲ್ಲಿ ಕೀಲಿನ ಚೀಲ ಗಟ್ಟಿಯಾಗಿದ್ದು, ಎಳೆತಕ್ಕೆ ಅದು ಹರಿಯುವ ಬದಲು ಬಳೆಯನ್ನು ಬುಡಸಮೇತ ಕೀಳುತ್ತದೆ. ಕಿತ್ತ ಬಳೆ ಎಷ್ಟೋ ಸಲ ಚಮಚದ ಅಂಚಿಗೆ ಮರಳದೆ, ಅಂಚಿನಿಂದ ಕೆಳಗೆ ಸರಿದು ಅಂಟಿಕೊಳ್ಳುತ್ತದೆ. ಗಾಯವೇನೋ ಮಾಯುತ್ತದೆ, ಆದರೆ ತಪ್ಪಾದ ಜಾಗದಲ್ಲಿ. ಅದರ ಮೇಲೆ ಆಟ, ಜಿಮ್, ಭಾರದ ಕೆಲಸ, ಇನ್ನೂ ಐವತ್ತು ವರ್ಷಗಳ ಬಳಕೆ. ಎಡಿನ್‌ಬರೋದ ವೈದ್ಯರು 15ರಿಂದ 35 ವರ್ಷದ 252 ಜನರನ್ನು ಮೊದಲ ಜಾರುವಿಕೆಯ ನಂತರ ಶಸ್ತ್ರಚಿಕಿತ್ಸೆ ಮಾಡದೆ ಗಮನಿಸಿ, 2006ರಲ್ಲಿ ಫಲಿತಾಂಶ ಪ್ರಕಟಿಸಿದರು. ಎರಡು ವರ್ಷಗಳೊಳಗೆ ಅರ್ಧಕ್ಕಿಂತ ಹೆಚ್ಚು ಜನರ ಭುಜ ಅಸ್ಥಿರವಾಗಿತ್ತು, ಐದು ವರ್ಷಕ್ಕೆ ಅದು ಮೂರರಲ್ಲಿ ಎರಡು ಭಾಗ ತಲುಪಿತ್ತು. ವಯಸ್ಸು ಕಡಿಮೆಯಾದಷ್ಟೂ ಅಪಾಯ ಹೆಚ್ಚಿತ್ತು, ಹುಡುಗರಲ್ಲಿ ಇನ್ನೂ ಹೆಚ್ಚು.

ನಲವತ್ತು ದಾಟಿದವರಲ್ಲಿ ಚಿತ್ರ ಬೇರೆ. ಕೀಲಿನ ಚೀಲ ವಯಸ್ಸಿನೊಂದಿಗೆ ಬಿಗಿಯಾಗುತ್ತದೆ, ಮತ್ತೆ ಮತ್ತೆ ಜಾರುವವರು ಕಡಿಮೆ. ಅವರನ್ನು ಕಾಡುವುದು ಬೇರೆ ಎರಡು ತೊಂದರೆಗಳು: ಭುಜ ಮರಗಟ್ಟಿದಂತೆ ಬಿಗಿದುಕೊಳ್ಳುವುದು, ಮತ್ತು ಬೀಳುವಾಗಲೇ ರೊಟೇಟರ್ ಕಫ್ ಹರಿದಿರುವುದು. ಆದ್ದರಿಂದಲೇ ಹೂವಿನ ಅಮ್ಮನಿಗೆ ಬಳೆ ಹೊಲಿಯುವ ಶಸ್ತ್ರಚಿಕಿತ್ಸೆಯ ಮಾತು ಬರಲಿಲ್ಲ.

ಹಾಗೆಂದು ಎಲ್ಲ ಎಳೆಯರೂ ಶಸ್ತ್ರಚಿಕಿತ್ಸೆಗೆ ಓಡಬೇಕೇ? ಇಲ್ಲ, ಇದನ್ನು ಒತ್ತಿ ಹೇಳುತ್ತೇನೆ. ಸ್ವೀಡನ್‌ನಲ್ಲಿ ಹೋವೆಲಿಯಸ್ ಎಂಬ ವೈದ್ಯರ ತಂಡ 12ರಿಂದ 40 ವರ್ಷದವರನ್ನು 25 ವರ್ಷಗಳ ಕಾಲ ಹಿಂಬಾಲಿಸಿ ನೋಡಿತು. 2008ರಲ್ಲಿ ಪ್ರಕಟವಾದ ಆ ವರದಿಯ ಪ್ರಕಾರ, ಮೊದಲ ಸಲ ಜಾರಿದಾಗ 12ರಿಂದ 25 ವರ್ಷ ವಯಸ್ಸಿನವರಾಗಿದ್ದವರಲ್ಲಿಯೂ ಸುಮಾರು ಅರ್ಧದಷ್ಟು ಜನರಿಗೆ ಶಸ್ತ್ರಚಿಕಿತ್ಸೆಯಿಲ್ಲದೆ ಭುಜ ಮತ್ತೆ ಜಾರಿರಲಿಲ್ಲ, ಅಥವಾ ಕಾಲ ಕಳೆದಂತೆ ಗಟ್ಟಿಯಾಗಿತ್ತು. ಎಲ್ಲರಿಗೂ ಮೊದಲ ವಾರದಲ್ಲಿಯೇ ಶಸ್ತ್ರಚಿಕಿತ್ಸೆ ಮಾಡಿದ್ದರೆ ಇವರೆಲ್ಲ ಬೇಡದ ಶಸ್ತ್ರಚಿಕಿತ್ಸೆಗೆ ಒಳಗಾಗುತ್ತಿದ್ದರು. ಎರಡು ಮಾರ್ಗಗಳನ್ನು ನೇರವಾಗಿ ಹೋಲಿಸಿದ ಪ್ರಯೋಗಗಳನ್ನು ವೈದ್ಯಕೀಯ ಪ್ರಯೋಗಗಳನ್ನು ಒಟ್ಟಾಗಿ ಪರಿಶೀಲಿಸುವ ಕೊಕ್ರೇನ್ ಸಂಸ್ಥೆ 2004ರಲ್ಲಿ ಒಟ್ಟುಗೂಡಿಸಿದಾಗ ಸಿಕ್ಕಿದ್ದು ಐದು ಸಣ್ಣ ಪ್ರಯೋಗಗಳು, 239 ಜನ. ಅದರ ತೀರ್ಮಾನವೂ ಎಚ್ಚರಿಕೆಯದೇ: ದೇಹಕ್ಕೆ ಹೆಚ್ಚು ಶ್ರಮ ಕೊಡುವ ಚಟುವಟಿಕೆಗಳಲ್ಲಿರುವ ಎಳೆಯ ಗಂಡಸರಿಗೆ ಮೊದಲ ಸಲವೇ ಶಸ್ತ್ರಚಿಕಿತ್ಸೆ ಮಾಡುವುದಕ್ಕೆ ಸೀಮಿತ ಆಧಾರವಿದೆ. ಉಳಿದವರಿಗೆ ಯಾವುದು ಮೇಲು ಎಂದು ಹೇಳಲು ಆ ಪುರಾವೆ ಸಾಲದು.

ಶಸ್ತ್ರಚಿಕಿತ್ಸೆ ಇಲ್ಲದ ಚಿಕಿತ್ಸೆ ಎಂದರೆ ಜನ ಆರ್ಮ್ ಪೌಚ್ ಎಂದುಕೊಳ್ಳುತ್ತಾರೆ, ಕೈಯನ್ನು ಕುತ್ತಿಗೆಗೆ ತೂಗುಹಾಕುವ ಆ ನೀಲಿ ಚೀಲ. ಅದು ಚಿಕಿತ್ಸೆಯ ಮುನ್ನುಡಿ ಮಾತ್ರ. ಸಾಮಾನ್ಯವಾಗಿ ಒಂದರಿಂದ ಮೂರು ವಾರ ಸಾಕು, ವಯಸ್ಸಾದವರಿಗೆ ಇನ್ನೂ ಕಡಿಮೆ. ಆರು ವಾರ ಕಟ್ಟಿಕೊಂಡು ಕುಳಿತರೆ ಭುಜ ಹೆಚ್ಚು ಭದ್ರವಾಗುವುದಿಲ್ಲ, ಬಿಗಿಯುತ್ತದೆ ಅಷ್ಟೇ. ಕೈಯನ್ನು ಹೊಟ್ಟೆಗೆ ಒರಗಿಸದೆ ಹೊರಕ್ಕೆ ತಿರುಗಿಸಿ ಕಟ್ಟಿದರೆ ಬಳೆ ಸರಿಯಾಗಿ ಕೂರುತ್ತದೆ ಎಂದು ಜಪಾನಿನ ವೈದ್ಯರು ಭರವಸೆ ಮೂಡಿಸಿದ್ದರು, ಆದರೆ ನಂತರದ ಹಲವು ಪ್ರಯೋಗಗಳಲ್ಲಿ ಆ ಲಾಭ ಕಾಣಲಿಲ್ಲ. ದಿನವಿಡೀ ಕೈ ಹೊರಕ್ಕೆ ಚಾಚಿಕೊಂಡು ಈ ಊರಿನ ಬಸ್ಸು, ಮೆಟ್ರೋದಲ್ಲಿ ಓಡಾಡುವುದೂ ಕಷ್ಟ.

ಪೌಚ್ ಕಳಚಿದ ಮೇಲೆ ಇರುವುದು ನಿಜವಾದ ಕೆಲಸ. ಮೊದಲು ಮುಂದಕ್ಕೆ ಬಾಗಿ, ಕೈಯನ್ನು ಗಡಿಯಾರದ ಲೋಲಕದಂತೆ ಇಳಿಬಿಟ್ಟು ತೂಗುವುದು. ಬೆರಳು, ಮಣಿಕಟ್ಟು, ಮೊಣಕೈಗಳನ್ನು ಮೊದಲ ದಿನದಿಂದಲೇ ಆಡಿಸಬಹುದು. ನಂತರ ಮೊಣಕೈಯನ್ನು ಪಕ್ಕೆಗೆ ಒತ್ತಿಕೊಂಡು, ಬಾಗಿಲ ಚೌಕಟ್ಟಿಗೆ ಕೈ ಒತ್ತಿ ಹಿಡಿಯುವುದು. ಕೈ ಕದಲುವುದಿಲ್ಲ, ಆದರೆ ಒಳಗಿನ ಸ್ನಾಯು ಎಚ್ಚರಗೊಳ್ಳುತ್ತದೆ. ಆಮೇಲೆ ಕಿಟಕಿಯ ಸರಳಿಗೆ ರಬ್ಬರ್ ಪಟ್ಟಿ ಕಟ್ಟಿ, ಮೊಣಕೈ ಮತ್ತು ಪಕ್ಕೆಯ ನಡುವೆ ಮಡಿಸಿದ ಟವೆಲ್ ಇಟ್ಟು, ಒಳಕ್ಕೂ ಹೊರಕ್ಕೂ ಎಳೆಯುವುದು. ಹೆಗಲ ಮೂಳೆಗಳನ್ನು ಹಿಂದಕ್ಕೆ ಸೇರಿಸುವ ವ್ಯಾಯಾಮಗಳು ಬಹಳ ಮುಖ್ಯ. ಚಮಚವೇ ಅಲ್ಲಾಡುತ್ತಿದ್ದರೆ ನಿಂಬೆಹಣ್ಣು ಹೇಗೆ ನಿಲ್ಲುತ್ತದೆ? ಇಡೀ ದಿನ ಲ್ಯಾಪ್‌ಟಾಪ್ ಮುಂದೆ ಹೆಗಲು ಕುಸಿದು ಕೂರುವವರಲ್ಲಿ ಇದೇ ಭಾಗ ಅತ್ಯಂತ ದುರ್ಬಲವಾಗಿರುವುದನ್ನು ನಾನು ದಿನವೂ ನೋಡುತ್ತೇನೆ. ಕೊನೆಗೆ ಗೋಡೆಗೆ ಕೈಯೂರಿ ದಂಡ, ಚೆಂಡು ಹಿಡಿಯುವುದು, ಕಣ್ಣು ಮುಚ್ಚಿ ಕೈಯ ಸ್ಥಾನ ಗುರುತಿಸುವುದು. ಒಮ್ಮೆ ಜಾರಿದ ಕೀಲು ತಾನು ಎಲ್ಲಿದ್ದೇನೆ ಎಂಬ ಅರಿವನ್ನೇ ಸ್ವಲ್ಪ ಕಳೆದುಕೊಂಡಿರುತ್ತದೆ, ಅದನ್ನು ಮತ್ತೆ ಕಲಿಸಬೇಕು. ಆಟಕ್ಕೆ ಮರಳಲು ಸುಮಾರು ಮೂರು ತಿಂಗಳು ಬೇಕು. ಹೆಚ್ಚಿನವರು ನೋವು ಹೋದ ನಾಲ್ಕನೆಯ ವಾರದಲ್ಲಿಯೇ ಬರುವುದನ್ನು ನಿಲ್ಲಿಸುತ್ತಾರೆ. ಅವರಲ್ಲಿ ಕೆಲವರನ್ನು ಎರಡನೆಯ ಸಲ ಜಾರಿದ ಮೇಲೆ ನೋಡುವಾಗ ನನಗೆ ನಿಜಕ್ಕೂ ಸಂಕಟವಾಗುತ್ತದೆ.

ಯಾವ ಪೆಟ್ಟೂ ಇಲ್ಲದೆ, ಹುಟ್ಟಿನಿಂದಲೇ ಸಡಿಲವಾದ ಕೀಲುಗಳಿಂದಾಗಿ ಭುಜ ಎಲ್ಲ ದಿಕ್ಕಿಗೂ ಜಾರುವವರಿಗೆ ಮೊದಲ ಚಿಕಿತ್ಸೆ ವ್ಯಾಯಾಮವೇ, ಅದೂ ತಿಂಗಳುಗಟ್ಟಲೆ.

ಶಸ್ತ್ರಚಿಕಿತ್ಸೆಯಲ್ಲಿ ಏನು ಮಾಡುತ್ತಾರೆ? ಸಾಮಾನ್ಯವಾದದ್ದು ಆರ್ತ್ರೋಸ್ಕೋಪಿ. ಎರಡು ಮೂರು ಸಣ್ಣ ರಂಧ್ರಗಳ ಮೂಲಕ ಕ್ಯಾಮೆರಾ ಮತ್ತು ಉಪಕರಣ ಇಳಿಸಿ, ಚಮಚದ ಅಂಚಿನ ಮೂಳೆಯಲ್ಲಿ ದಾರವಿರುವ ಪುಟ್ಟ ಗೂಟಗಳನ್ನು ನೆಟ್ಟು, ಕಿತ್ತ ಬಳೆಯನ್ನು ಅದರ ಮೂಲಸ್ಥಾನಕ್ಕೆ ಎಳೆದು ಕಟ್ಟುತ್ತಾರೆ. ಮೂಳೆ ಚೆನ್ನಾಗಿದ್ದರೆ ಇದು ಒಳ್ಳೆಯ ಫಲ ಕೊಡುತ್ತದೆ. ಆದರೆ ಪ್ರತಿ ಸಲ ಜಾರಿದಾಗಲೂ ಚಮಚದ ಮುಂದಿನ ಅಂಚು ಸವೆಯುತ್ತದೆ. ಅದರ ಅಗಲದ ಸುಮಾರು ಐದನೆಯ ಒಂದು ಭಾಗ ಹೋಗಿದ್ದರೆ ಬಳೆ ಹೊಲಿದು ಪ್ರಯೋಜನವಿಲ್ಲ, ಒಡೆದ ತಟ್ಟೆಗೆ ಅಂಚು ಕಟ್ಟಿದಂತೆ. ಆಗ ಫ್ರಾನ್ಸಿನ ಲಟಾರ್ಜೆ 1954ರಲ್ಲಿ ವಿವರಿಸಿದ ವಿಧಾನ: ಹೆಗಲ ಮೂಳೆಯ ಮುಂದಿನ ಕೊಕ್ಕಿನಂತಹ ತುಣುಕನ್ನು, ಅದಕ್ಕೆ ಅಂಟಿದ ಸ್ನಾಯುಗಳ ಸಮೇತ ಕತ್ತರಿಸಿ, ಸವೆದ ಅಂಚಿಗೆ ಸ್ಕ್ರೂಗಳಿಂದ ಕೂರಿಸುತ್ತಾರೆ. ಇದು ದೊಡ್ಡ ಶಸ್ತ್ರಚಿಕಿತ್ಸೆ, ನರಕ್ಕೆ ಪೆಟ್ಟಾಗುವ, ಸ್ಕ್ರೂ ತೊಂದರೆ ಕೊಡುವ ಅಪಾಯವೂ ಉಂಟು. ಯಾರಿಗೆ ಯಾವುದು ಎಂದು ತೂಗಲು 2007ರಲ್ಲಿ ಫ್ರೆಂಚ್ ವೈದ್ಯರು 10 ಅಂಕಗಳ ಅಳತೆಯೊಂದನ್ನು ಮುಂದಿಟ್ಟರು. ಅದರಲ್ಲಿ ಎಣಿಕೆಗೆ ಬರುವುದು ವಯಸ್ಸು 20 ದಾಟಿದೆಯೇ, ಸ್ಪರ್ಧೆಯ ಮಟ್ಟದಲ್ಲಿ ಆಡುತ್ತಾರೆಯೇ, ಮೈಗೆ ಮೈ ತಾಗುವ ಆಟವೇ, ಕೀಲು ಸಡಿಲವೇ, ಎಕ್ಸ್‌ರೇಯಲ್ಲಿ ಗುಂಡಿಗೆ ಅಥವಾ ಚಮಚದ ಅಂಚಿಗೆ ಹಾನಿಯಿದೆಯೇ ಎಂಬುದು. ವೈದ್ಯರು ನಿಮ್ಮ ಮಗನ ಆಟದ ಬಗ್ಗೆ ಹತ್ತು ಪ್ರಶ್ನೆ ಕೇಳಿದರೆ ಅದು ಕುಶಲೋಪರಿಯಲ್ಲ.

ಶಸ್ತ್ರಚಿಕಿತ್ಸೆ ಮಾಡಿಸಿಕೊಂಡರೆ ವ್ಯಾಯಾಮ ತಪ್ಪುತ್ತದೆ ಎಂದುಕೊಂಡವರನ್ನು ನಿರಾಶೆಗೊಳಿಸಬೇಕಾಗಿದೆ. ಮೂರರಿಂದ ಆರು ವಾರ ಪೌಚ್, ನಂತರ ಮೇಲೆ ಹೇಳಿದ ಅದೇ ಮೆಟ್ಟಿಲುಗಳು, ಇನ್ನೂ ನಿಧಾನವಾಗಿ. ಕಬಡ್ಡಿಯಂತಹ ಆಟಕ್ಕೆ ಮರಳಲು ಆರು ತಿಂಗಳ ಆಸುಪಾಸು. ಸೋಂಕು, ಬಿಗಿತದ ಅಪಾಯ ಸಣ್ಣದಾದರೂ ಇದ್ದೇ ಇದೆ. ಹೊಲಿದ ಭುಜವೂ ಕೆಲವರಲ್ಲಿ ಮತ್ತೆ ಜಾರುತ್ತದೆ. ಖರ್ಚಿನ ಮಾತೂ ಇದೆ: ಬಿಪಿಎಲ್ ಕುಟುಂಬದವರು ಆಯುಷ್ಮಾನ್ ಭಾರತ್ ಆರೋಗ್ಯ ಕರ್ನಾಟಕ ಯೋಜನೆಯ ಬಗ್ಗೆ ಸರ್ಕಾರಿ ಆಸ್ಪತ್ರೆಯಲ್ಲಿ ಮೊದಲೇ ವಿಚಾರಿಸಿಕೊಳ್ಳಬೇಕು.

ಇಷ್ಟನ್ನೂ ಕೇಳಿದ ತಂದೆ ಸ್ವಲ್ಪ ಹೊತ್ತು ಸುಮ್ಮನಿದ್ದರು. ನಾನು ಹುಡುಗನ ಕಡೆ ತಿರುಗಿದೆ. “ಕಬಡ್ಡಿ ಬಿಟ್ಟು ಓದು, ಕೆಲಸ ಎಂದು ಇರುವುದಾದರೆ ಮೊದಲು ಮೂರು ತಿಂಗಳು ವ್ಯಾಯಾಮ ಮಾಡಿ ನೋಡಬಹುದು. ಆಡಲೇಬೇಕು ಎಂದರೆ ನಿನ್ನ ವೈದ್ಯರು ಹೇಳಿದ್ದು ಸರಿಯಾಗಿದೆ. ನಿನಗೆ ಏನು ಬೇಕು?” ಅವನು ವಿಶ್ವವಿದ್ಯಾಲಯದ ತಂಡದ ಆಯ್ಕೆ ಯಾವಾಗ ಎಂದು ಲೆಕ್ಕ ಹಾಕತೊಡಗಿದ. ತಂದೆಗೆ ಉತ್ತರ ಸಿಕ್ಕಿತು. ಎಂಆರ್‌ಐಯಲ್ಲಿ ಬಳೆ ಕಿತ್ತಿತ್ತು, ಮೂಳೆ ಸವೆದಿರಲಿಲ್ಲ. ಮೊದಲನೆಯ ಸಲಕ್ಕೇ ಬಂದದ್ದರಿಂದ ಸಣ್ಣ ರಂಧ್ರಗಳ ಶಸ್ತ್ರಚಿಕಿತ್ಸೆಯಲ್ಲಿಯೇ ಕೆಲಸ ಮುಗಿಯಿತು.

ಹೂವಿನ ಅಮ್ಮನ ಕಥೆ ನೇರವಾಗಿ ಸಾಗಲಿಲ್ಲ. ಎರಡು ವಾರ ಕಳೆದರೂ ಅವರಿಗೆ ಕೈ ಎತ್ತಲು ಆಗಲಿಲ್ಲ. ಈ ವಯಸ್ಸಿನಲ್ಲಿ ಅದನ್ನು ನೋವಿನ ಖಾತೆಗೆ ಬರೆದು ಸುಮ್ಮನಿರಬಾರದು. ವೈದ್ಯರಿಗೆ ಚೀಟಿ ಬರೆದು ಸ್ಕ್ಯಾನ್ ಮಾಡಿಸಿದೆವು. ರೊಟೇಟರ್ ಕಫ್ ಭಾಗಶಃ ಹರಿದಿತ್ತು. ಪೂರ್ತಿ ಹರಿದಿದ್ದರೆ ಅವರಿಗೂ ಶಸ್ತ್ರಚಿಕಿತ್ಸೆಯ ಪ್ರಶ್ನೆ ಏಳುತ್ತಿತ್ತು, ಅದೂ ತಡಮಾಡದೆ. ಭಾಗಶಃ ಆದ್ದರಿಂದ ವ್ಯಾಯಾಮ ಮುಂದುವರಿಯಿತು. ಬೆಳಗಿನ ವ್ಯಾಪಾರ ಮುಗಿಸಿ, ವಾರಕ್ಕೆ ಎರಡು ದಿನ, ಒಂದು ದಿನವೂ ತಪ್ಪಿಸದೆ ಬಂದರು. ನಾಲ್ಕನೆಯ ತಿಂಗಳು ನಾನು ಗಾಂಧಿಬಜಾರಿಗೆ ಹೋದಾಗ ಅವರು ಸೇವಂತಿಗೆಯ ಮಾರನ್ನು ತಲೆಯ ಮೇಲಿನ ಕೊಕ್ಕೆಗೆ ತಾವೇ ನೇತುಹಾಕುತ್ತಿದ್ದರು. ಕೈ ಪೂರ್ತಿ ಮೇಲೆ ಹೋಗುವಾಗ ಕೊನೆಯಲ್ಲಿ ಇನ್ನೂ ಸ್ವಲ್ಪ ತಡವರಿಸುತ್ತಿತ್ತು. “ಆ ಕಬಡ್ಡಿ ಹುಡುಗ ಹೇಗಿದ್ದಾನಮ್ಮ?” ಎಂದು ಕೇಳಿದರು. ಅವನು ಮ್ಯಾಟ್ ಮೇಲೆ ಇಳಿಯಲು ಇನ್ನೂ ಎರಡು ತಿಂಗಳಿದೆ ಎಂದೆ.